40,000 ರೂಪಾಯಿಯಲ್ಲಿ ಮೊದಲ ರೀಫ್ ಟ್ಯಾಂಕ್: ಯಾವ ಅಳತೆ ಕೊಳ್ಳಲಿ?

ಯಲಹಂಕದ_ಮೀನು:
ನಮಸ್ಕಾರ. ಗಿಡಗಳಿರುವ ಸಿಹಿನೀರಿನ ಟ್ಯಾಂಕ್ ಮನೆಯಲ್ಲಿ ಬಹಳ ವರ್ಷಗಳಿಂದ ಇದೆ, ಅದರಲ್ಲಿ ಕೈ ಪಳಗಿದೆ. ಈಗ ಉಪ್ಪುನೀರಿಗೆ, ಅಂದರೆ ಹವಳ ಬೆಳೆಸುವ ರೀಫ್ ಟ್ಯಾಂಕಿಗೆ ಇಳಿಯುವ ಆಸೆ. ಮನೆಯಲ್ಲಿ ಮಂಜೂರಾಗಿರುವುದು 40,000 ರೂಪಾಯಿ, ಅದರ ಮೇಲೆ ಬಿಡಿಗಾಸೂ ಇಲ್ಲ. ಕಣ್ಣ ಮುಂದೆ ಮೂರು ದಾರಿಗಳಿವೆ. ಒಂದು, ದೀಪ, ಫಿಲ್ಟರ್ ಎಲ್ಲ ಸೇರಿ ಪೆಟ್ಟಿಗೆಯಲ್ಲೇ ಬರುವ 20 ಲೀಟರಿನ ಕ್ಯೂಬ್. ಮೇಜಿನ ಮೇಲೆ ಇಡಬಹುದು, ನೋಡಲು ಮುದ್ದಾಗಿದೆ. ಎರಡು, ಗಾಜಿನ ಕೆಲಸದವರ ಬಳಿ 60 × 35 × 35 ಸೆಂ.ಮೀ. ಟ್ಯಾಂಕ್ ಕಟ್ಟಿಸುವುದು. ಮೂರು, ಪರಿಚಯದವರೊಬ್ಬರು ಮನೆ ಬದಲಿಸುತ್ತಿದ್ದಾರೆ; ನಾಲ್ಕಡಿಯ ಹಳೆಯ ಟ್ಯಾಂಕನ್ನು ಸ್ಟ್ಯಾಂಡ್ ಸಮೇತ ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಡುತ್ತಾರಂತೆ. ಜೊತೆಗೆ ಕ್ಯಾನಿಸ್ಟರ್ ಫಿಲ್ಟರ್, ಒಂದು ಚೀಲ ‘ಕೋರಲ್ ಕಲ್ಲು’. ಅಪಾರ್ಟ್‌ಮೆಂಟಿನಲ್ಲಿ ಕೊಳವೆಬಾವಿ ನೀರು, ಅಡುಗೆಮನೆಯಲ್ಲಿ ಆರ್‌ಒ ಇದೆ. ಬೇಕಾಗಿರುವುದು ಎರಡು ಕ್ಲೌನ್ ಮೀನು, ನೀರಿನಲ್ಲಿ ತೂಗಾಡುವ ಒಂದಿಷ್ಟು ಹವಳ. ಮಗನಿಗೆ ನೀಲಿ ಟ್ಯಾಂಗ್ ಮೀನು ಬೇಕಂತೆ. ಯಾವುದನ್ನು ಆರಿಸಲಿ?

ಉಪ್ಪುನೀರು:
ಎರಡನೆಯದನ್ನೇ ಆರಿಸಿ. ಕ್ಯೂಬ್ ಮುದ್ದಾಗಿರುತ್ತದೆ, ನಿಜ. ಆದರೆ ಟ್ಯಾಂಕಿನಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ರೀಫ್ ಟ್ಯಾಂಕಿನ ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು) ಇರಬೇಕು. 20 ಲೀಟರಿನ ಟ್ಯಾಂಕಿನಲ್ಲಿ ದಿನಕ್ಕೆ ಅರ್ಧ ಲೀಟರ್ ಆವಿಯಾಯಿತು ಎಂದುಕೊಳ್ಳಿ. ನೀವು ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ 18 ಲೀಟರ್ ಉಳಿದಿರುತ್ತದೆ, ಲವಣಾಂಶ 39ರ ಹತ್ತಿರ ಹೋಗಿರುತ್ತದೆ. 73 ಲೀಟರಿನ ಟ್ಯಾಂಕಿನಲ್ಲಿ ದಿನಕ್ಕೆ ಒಂದು ಲೀಟರ್ ಹೋದರೂ ನಾಲ್ಕನೆಯ ದಿನ 37. ಮೊದಲನೆಯದು ಹವಳ ಮುದುಡಿಕೊಳ್ಳುವ ಅಂಕಿ, ಎರಡನೆಯದು ಬಂದು ಸರಿಪಡಿಸಬಹುದಾದ ಅಂಕಿ. ಟ್ಯಾಂಕ್ ಚಿಕ್ಕದಾದಷ್ಟೂ ನೀವು ಮನೆಗೆ ಕಟ್ಟುಬೀಳುತ್ತೀರಿ.

ಇನ್ನು ಪುಕ್ಕಟೆ ಟ್ಯಾಂಕಿನ ಲೆಕ್ಕ. 120 × 45 × 45 ಎಂದರೆ 243 ಲೀಟರ್. ಸಮುದ್ರದ ನೀರು ತಯಾರಿಸುವ ಉಪ್ಪು, ಅಂದರೆ ಸಾಲ್ಟ್ ಮಿಕ್ಸ್, ಲೀಟರಿಗೆ 38 ಗ್ರಾಂ ಹಿಡಿದರೆ ಒಮ್ಮೆ ತುಂಬಿಸಲು 9 ಕಿಲೋ ದಾಟುತ್ತದೆ. ಆಮೇಲೆ ವಾರಕ್ಕೆ ಶೇಕಡಾ 10ರಷ್ಟು ನೀರು ಬದಲಿಸಿದರೆ ತಿಂಗಳಿಗೆ ಸುಮಾರು 4 ಕಿಲೋ. ದೀಪ ಒಂದು ಸಾಲದು, ಎರಡು ಬೇಕು. ಪಂಪೂ ದೊಡ್ಡದು ಬೇಕು. ರೀಫ್ ಟ್ಯಾಂಕಿನಲ್ಲಿ ಗಾಜೇ ಅಗ್ಗದ ವಸ್ತು. ಅದನ್ನು ದಾನ ಕೊಟ್ಟವರು ಉಳಿದೆಲ್ಲ ಖರ್ಚನ್ನೂ ನಿಮಗೆ ದಾನ ಕೊಟ್ಟಂತೆ.

ನೀಲಿ ಟ್ಯಾಂಗ್ ಅನ್ನು ಮರೆತುಬಿಡಿ. ಅಂಗಡಿಯಲ್ಲಿ ಎರಡು ಇಂಚು ಕಾಣುತ್ತದೆ, ಬೆಳೆದರೆ ಒಂದು ಅಡಿ. ನೀವು ಹೇಳಿದ ಮೂರು ಟ್ಯಾಂಕುಗಳಲ್ಲಿ ಯಾವುದೂ ಅದಕ್ಕೆ ಸಾಲದು.

ಕೆರೆಯಂಚು:
ವಿರೋಧ ಪಕ್ಷದಿಂದ ಒಂದು ಮಾತು. 40,000ಕ್ಕೆ ಸಿಹಿನೀರಿನಲ್ಲಿ ರಾಜನಂತೆ ಬದುಕಬಹುದು. ಉಪ್ಪುನೀರಿನವರು ಯಾವಾಗಲೂ ಆರಂಭದ ಖರ್ಚನ್ನಷ್ಟೇ ಹೇಳುತ್ತಾರೆ, ವರ್ಷದ ಖರ್ಚು ಹೇಳುವುದಿಲ್ಲ. ಒಂದು ವರ್ಷ ನಡೆಸಲು ಎಷ್ಟು ಬೇಕು, ಅದನ್ನು ಮೊದಲು ಹೇಳಿ. ಆಮೇಲೆ ಹವಳದ ಮಾತು.

ಉಪ್ಪುನೀರು:
ನ್ಯಾಯವಾದ ಪ್ರಶ್ನೆ. ಕಲ್ಲು, ಫಿಲ್ಟರ್ ಕೂರುವ ಹಿಂದಿನ ಕೋಣೆ ಎಲ್ಲ ಹಿಡಿದು 60 ಲೀಟರ್ ನೀರು ಎಂದುಕೊಂಡರೆ ವಾರಕ್ಕೆ 6 ಲೀಟರ್ ಬದಲಾವಣೆ, ಅಂದರೆ ಸುಮಾರು 230 ಗ್ರಾಂ ಉಪ್ಪು, ವರ್ಷಕ್ಕೆ 12 ಕಿಲೋ. ನಾನು ಕೊಳ್ಳುವ ಅಂಗಡಿಯಲ್ಲಿ ಕಿಲೋಗೆ 350ರ ಆಸುಪಾಸು, ಅಲ್ಲಿಗೆ 4,200. ವಿದ್ಯುತ್: 30 ವಾಟಿನ ದೀಪ ದಿನಕ್ಕೆ 8 ಗಂಟೆ, ಪಂಪ್ ಮತ್ತು ನೀರನ್ನು ಅಲೆಯಾಡಿಸುವ ವೇವ್‌ಮೇಕರ್ ಸೇರಿ 15 ವಾಟ್ ಹಗಲೂ ರಾತ್ರಿ. ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18. ಇದರ ಮೇಲೆ ಫಿಲ್ಟರ್ ಹತ್ತಿ, ಕಾರ್ಬನ್, ನೀರಿನಲ್ಲಿ ಉಳಿದ ಲವಣ ಹೀರುವ ಡಿಐ ರೆಸಿನ್, ಆಹಾರ, ಟೆಸ್ಟ್ ಕಿಟ್. ತಿಂಗಳಿಗೆ ಸರಾಸರಿ ಒಂದು ಸಾವಿರದೊಳಗೆ ಮುಗಿಯುತ್ತದೆ, ನೀರು ತಣಿಸುವ ಚಿಲ್ಲರ್ ಬೇಡವಾದರೆ. ಬೇಕಾದರೆ ಈ ಲೆಕ್ಕವನ್ನು ಹರಿದುಹಾಕಿ.

ಪಣಂಬೂರು_ತೀರ:
ಹರಿದುಹಾಕುವವನು ನಾನು, ಏಕೆಂದರೆ ನಾನಿರುವುದು ಮಂಗಳೂರಿನಲ್ಲಿ. ಇಲ್ಲಿ ಚಿಲ್ಲರ್ ಇಲ್ಲದೆ ಏಪ್ರಿಲ್ ದಾಟಲಾಗದು. ಬೆಂಗಳೂರಿನವರು ಟ್ಯಾಂಕಿನ ಮೇಲೆ ಸಣ್ಣ ಫ್ಯಾನ್ ಕಟ್ಟಿದರೆ ನೀರು ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮಲ್ಲಿ ಗಾಳಿಯೇ ಒದ್ದೆ, ಆವಿಯಾಗುವುದೇ ಕಡಿಮೆ, ಫ್ಯಾನ್ ತಿರುಗುತ್ತದೆ ಅಷ್ಟೇ.

ನಮಗಿರುವ ಒಂದೇ ಲಾಭವೆಂದರೆ ಸಮುದ್ರದ ನೀರು. ಅದನ್ನೂ ದಡದಲ್ಲಿ ಬಕೆಟ್ ಮುಳುಗಿಸಿ ತರುವಂತಿಲ್ಲ. ಬಂದರಿನ ಹತ್ತಿರ ಎಣ್ಣೆ, ಅಳಿವೆಯ ಹತ್ತಿರ ನದಿಯ ಸಿಹಿನೀರು. ಮಳೆಗಾಲದಲ್ಲಿ ಲವಣಾಂಶ ಎಷ್ಟು ಇಳಿಯುತ್ತದೆ ಎಂದರೆ ಅದನ್ನು ಟ್ಯಾಂಕಿಗೆ ಹಾಕುವ ಮಾತೇ ಇಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆ ಎರಡು ತಿಂಗಳು ದೋಣಿಯವರಿಂದ ದೂರದ ನೀರು ತರಿಸಲೂ ಆಗದು. ಹಾಗಾಗಿ ಕಡಲ ದಂಡೆಯಲ್ಲಿ ಮನೆ ಇದ್ದೂ ವರ್ಷದ ನಾಲ್ಕು ತಿಂಗಳು ನಾನು ಪೊಟ್ಟಣದ ಉಪ್ಪನ್ನೇ ಕೊಳ್ಳುತ್ತೇನೆ. ನೆರೆಮನೆಯವರಿಗೆ ಇದು ಇಂದಿಗೂ ತಮಾಷೆಯ ವಿಷಯ.

ಯಲಹಂಕದ_ಮೀನು:
ಬೆಂಗಳೂರಿನಲ್ಲಿ ಚಿಲ್ಲರ್ ಬೇಡ ಎಂದು ಧೈರ್ಯವಾಗಿ ಹೇಳಬಹುದೇ? ನಮ್ಮದು ಕೊನೆಯ ಮಹಡಿ.

ನೀಲಿಪಾಚಿ:
ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆದರೆ ಕ್ಷಮೆ ಇರಲಿ. ಹವಳದ ಅಂಗಾಂಶದೊಳಗೆ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಅದು ಬೆಳಕಿನಿಂದ ಮಾಡಿದ ಆಹಾರದಲ್ಲಿ ಹವಳಕ್ಕೂ ಪಾಲು. ನೀರು ತುಂಬ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ನಡೆದದ್ದು ಇದೇ. ಆ ಭಾಗದ ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ, ಅದು ಕೆಲವು ವಾರ ಹಾಗೆಯೇ ನಿಂತರೆ ಸಾಕು. ಕಡಲಿಗೇ ಈ ಗತಿಯಾದರೆ 60 ಲೀಟರಿಗೆ ಏನು ರಕ್ಷಣೆ?

ನಿಮ್ಮ ಗುರಿ 25ರಿಂದ 26 ಡಿಗ್ರಿ. ಕೆಳಗಿನ ಮಹಡಿಯಾಗಿದ್ದರೆ ಫ್ಯಾನ್ ಸಾಕು ಎನ್ನುತ್ತಿದ್ದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿದೆ, ಕೊನೆಯ ಮಹಡಿಯ ತಾರಸಿ ಸಂಜೆಯವರೆಗೂ ಕಾದಿರುತ್ತದೆ. ಪಶ್ಚಿಮದ ಗೋಡೆಗೆ, ಕಿಟಕಿಗೆ ಟ್ಯಾಂಕ್ ತಾಗಿಸಬೇಡಿ. ಮನೆಯ ಒಳಕೋಣೆಯಲ್ಲಿ, ನೆಲದಿಂದ ಹೆಚ್ಚು ಎತ್ತರವಿಲ್ಲದ ಸ್ಟ್ಯಾಂಡಿನ ಮೇಲೆ ಇಟ್ಟು, ತಾಪ ನಿಯಂತ್ರಕದ ಮೂಲಕ ಫ್ಯಾನ್ ಓಡಿಸಿ. ಫ್ಯಾನ್ ಇದ್ದರೆ ಆವಿ ಇಮ್ಮಡಿಯಾಗುತ್ತದೆ. ಆ ಕೊರತೆಯನ್ನು ಉಪ್ಪಿಲ್ಲದ ಶುದ್ಧ ನೀರಿನಿಂದ ತುಂಬಬೇಕು, ಉಪ್ಪುನೀರಿನಿಂದಲ್ಲ. ಹೊಸಬರು ಎಡವುವುದು ಇಲ್ಲಿಯೇ.

ಇನ್ನೊಂದು ಮಾತು. ಅಳತೆಗಿಂತ ಮೊದಲು ಯಾವ ಹವಳ ಎಂಬುದನ್ನು ತೀರ್ಮಾನಿಸಿ. ಜೋಅಂತಿಡ್, ಮಶ್ರೂಮ್, ಲೆದರ್, ಜೀನಿಯಾ ಇಂಥ ಮೃದು ಬಗೆಗಳಿಗೆ ಹದವಾದ ಬೆಳಕು ಸಾಕು, ಕ್ಯಾಲ್ಸಿಯಂ ಸುರಿಯುವ ಯಂತ್ರ ಬೇಡ, ವಾರದ ನೀರು ಬದಲಾವಣೆಯಲ್ಲೇ ಬೇಕಾದದ್ದು ಸಿಕ್ಕಿಬಿಡುತ್ತದೆ. ನೀವು ಕೇಳಿದ ‘ತೂಗಾಡುವ’ ಚೆಲುವೂ ಇವುಗಳಲ್ಲೇ ಇದೆ. ಜೀನಿಯಾದ ಎಂಟೆಂಟು ಬೆರಳುಗಳು ಮುಷ್ಟಿ ಕಟ್ಟಿ ಬಿಚ್ಚುತ್ತಲೇ ಇರುತ್ತವೆ; ಪಂಪ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಆದರೆ ಅದನ್ನು ಪ್ರತ್ಯೇಕ ಕಲ್ಲಿನ ಮೇಲೆ ಇಡಿ. ಮುಖ್ಯ ಕಲ್ಲಿಗೆ ಹತ್ತಿದರೆ ಇಡೀ ಟ್ಯಾಂಕ್ ಅದರದೇ ಆಗುತ್ತದೆ.

ಕಾಯ್ದೆಕಟ್ಟು:
ನೀಲಿಪಾಚಿ ಮೇಡಂ ರುಚಿಯ ದೃಷ್ಟಿಯಿಂದ ಹೇಳಿದ್ದನ್ನು ನಾನು ಕಾನೂನಿನ ದೃಷ್ಟಿಯಿಂದ ಹೇಳುತ್ತೇನೆ. ರೀಫ್ ಕಟ್ಟುವ ಗಟ್ಟಿ ಹವಳಗಳು ಇಡೀ ಗುಂಪಾಗಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೆಯ ಅನುಸೂಚಿಯಲ್ಲಿವೆ. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್ ಕೂಡ. 2001ರಲ್ಲಿ ಸೇರಿಸಲಾಯಿತು. ಅಂದರೆ ಹುಲಿ ಇರುವ ಅನುಸೂಚಿಯಲ್ಲೇ ಇವೂ ಇವೆ. ಶಿಕ್ಷೆ 3ರಿಂದ 7 ವರ್ಷ ಸೆರೆ. ಕಡಲಕುದುರೆಯನ್ನೂ ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ದೂರವೇ ಇರಿ.

ಈಗ ಆ ‘ಕೋರಲ್ ಕಲ್ಲಿನ’ ಚೀಲ. ದಯವಿಟ್ಟು ಮುಟ್ಟಬೇಡಿ. ಸತ್ತ ಹವಳವೂ ಹವಳವೇ. ರಕ್ಷಿತ ಪ್ರಾಣಿಯ ಭಾಗವನ್ನು ಇಟ್ಟುಕೊಳ್ಳುವುದೂ ಅಪರಾಧ. ‘ಸತ್ತಿದೆಯಲ್ಲ’ ಎಂಬ ವಾದ ಜಿಂಕೆಯ ಕೊಂಬಿಗೆ ನಡೆಯುವುದಿಲ್ಲ, ಇದಕ್ಕೂ ನಡೆಯುವುದಿಲ್ಲ.

ಪುಕ್ಕಟೆ_ಸಲಹೆಗಾರ:
ಇಷ್ಟು ಹೆದರಿಸುವುದೇಕೆ? ಎಷ್ಟೋ ಜನರ ಟ್ಯಾಂಕಿನಲ್ಲಿ ಗಟ್ಟಿ ಹವಳ ಇದೆ. ಆಮದಾಗಿ ಬಂದದ್ದು ಎನ್ನುತ್ತಾರೆ, ಅಂತರ್ಜಾಲದಲ್ಲಿ ಚಿತ್ರವನ್ನೂ ಹಾಕುತ್ತಾರೆ. ಯಾರು ಬಂದು ಕೇಳುತ್ತಾರೆ?

ಕಾಯ್ದೆಕಟ್ಟು:
ಕೇಳುವವರು ಇದ್ದಾರೆ. ಗಟ್ಟಿ ಹವಳಗಳು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿಯೂ ಇವೆ. 2022ರ ತಿದ್ದುಪಡಿಯ ನಂತರ ಸೈಟಿಸ್ ಪಟ್ಟಿಯ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು. ಅದರ ನಿಯಮಗಳು 2024ರಲ್ಲಿ ಬಂದವು; ನೋಂದಣಿ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್ ಮೂಲಕ. ಆಮದು ಎಂದು ಬಾಯಲ್ಲಿ ಹೇಳಿದರೆ ಸಾಲದು, ಪರವಾನಗಿಯ ಕಾಗದ ಬೇಕು. 40,000 ಬಜೆಟ್ಟಿನಲ್ಲಿ ವಕೀಲರ ಶುಲ್ಕಕ್ಕೆ ಜಾಗವಿಲ್ಲ. ಜೋಅಂತಿಡ್, ಮಶ್ರೂಮ್‌ಗಳು ಒಂದನೆಯ ಅನುಸೂಚಿಯಲ್ಲೂ ಇಲ್ಲ, ಸೈಟಿಸ್ ಪಟ್ಟಿಯಲ್ಲೂ ಇಲ್ಲ. ಅವನ್ನೂ ಬಿಲ್ ಇಲ್ಲದೆ ಕೊಳ್ಳಬೇಡಿ.

ದೇರಾ_ದುಬೈ:
ನಾನು ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ಇಲ್ಲಿ ಅಂಗಡಿಗಳಲ್ಲಿ ಗಟ್ಟಿ ಹವಳದ ತುಂಡುಗಳು ತರಕಾರಿಯಂತೆ ಸಿಗುತ್ತವೆ. ಚೀಲದಲ್ಲಿ ಒಂದೆರಡು ತರಲೇ ಎಂದು ಕೇಳಬೇಕೆಂದಿದ್ದೆ, ಕಾಯ್ದೆಕಟ್ಟು ಅವರ ಉತ್ತರ ಓದಿ ಬಾಯಿ ಮುಚ್ಚಿಕೊಂಡೆ. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರ್, ಟೆಸ್ಟ್ ಕಿಟ್ ಬೇಕಾದರೆ ಹೇಳಿ, ತರುತ್ತೇನೆ.

ಯಲಹಂಕದ_ಮೀನು:
ಚೀಲವನ್ನು ಬೇಡವೆಂದೆ, ನಾಲ್ಕಡಿಯ ಟ್ಯಾಂಕನ್ನೂ ಬೇಡವೆಂದೆ. ಅವರಿಗೆ ಸ್ವಲ್ಪ ಬೇಸರವಾಯಿತು. ಹಾಗಾದರೆ ಕಲ್ಲು ಎಲ್ಲಿಂದ ತರಲಿ? ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ ಅಲ್ಲವೇ? ಮನೆಯ ಹಿಂದೆ ಚೂರುಗಳು ಬಿದ್ದಿವೆ. ನೀರಿನ ವಿಷಯವೂ ಬಾಕಿ ಇದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಿದೆ: ನಲ್ಲಿಯಲ್ಲಿ 640, ಅಡುಗೆಮನೆಯ ಆರ್‌ಒದಲ್ಲಿ 85.

ಉಪ್ಪುನೀರು:
ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ, ನೀರನ್ನು ಕೆಡಿಸುವುದಿಲ್ಲ. ಆದರೆ ಅದು ದಟ್ಟ, ಒಳಗೆ ರಂಧ್ರಗಳಿಲ್ಲ. ನಮಗೆ ಬೇಕಾಗಿರುವುದು ಬ್ಯಾಕ್ಟೀರಿಯಾ ಕೂರಲು ಜಾಗ. ಅಡಿಯಲ್ಲಿ ಆಧಾರಕ್ಕೆ ಒಂದು ಚಪ್ಪಡಿ ಇಡಬಹುದು, ಬ್ಯಾಕ್ಟೀರಿಯಾಗೆ ಮನೆ ಅದರಿಂದ ಕಟ್ಟಲಾಗದು. ಮುರಕಲ್ಲು ಹಾಕೋಣವೇ ಎಂದು ಕರಾವಳಿಯವರು ಕೇಳುವ ಮೊದಲೇ ಹೇಳಿಬಿಡುತ್ತೇನೆ: ರಂಧ್ರಗಳಿವೆ, ಆದರೆ ಕಬ್ಬಿಣ ತುಂಬಿದೆ, ಉದುರುತ್ತದೆ, ಪಾಚಿಗೆ ಹಬ್ಬ. ಅಂಗಡಿಯಲ್ಲಿ ಕೃತಕವಾಗಿ ತಯಾರಿಸಿದ ಒಣ ರೀಫ್ ಕಲ್ಲು ಸಿಗುತ್ತದೆ, ಆರೇಳು ಕಿಲೋ ಸಾಕು. ಇಲ್ಲವೇ ಸಿಮೆಂಟಿಗೆ ಹರಳುಪ್ಪು ಬೆರೆಸಿ ನೀವೇ ಅಚ್ಚು ಹಾಕಬಹುದು. ಉಪ್ಪು ಕರಗಿ ಹೋದಲ್ಲೆಲ್ಲ ರಂಧ್ರ ಉಳಿಯುತ್ತದೆ. ಆದರೆ ಪಿಎಚ್ ಇಳಿಯುವ ತನಕ ವಾರಗಟ್ಟಲೆ ನೀರು ಬದಲಿಸುತ್ತ ನೆನೆಸಬೇಕು. ತಾಳ್ಮೆ ಇದ್ದರೆ ಮಾತ್ರ ಆ ದಾರಿ.

ನೀರು. ಇಲ್ಲಿ ನಿಮಗೆ ಹಣ ಉಳಿಯುತ್ತದೆ. 640 ಒಳಗೆ ಹೋಗಿ 85 ಹೊರಗೆ ಬರುತ್ತಿದೆ ಎಂದರೆ ಪೊರೆ ಕೆಟ್ಟಿದೆ ಎಂದು ಅರ್ಥವಲ್ಲ. ಕುಡಿಯುವ ನೀರು ಸಪ್ಪೆಯಾಗಬಾರದೆಂದು ಆ ಯಂತ್ರದೊಳಗೆ ಟಿಡಿಎಸ್ ಕಂಟ್ರೋಲರ್ ಎಂಬ ಪುಟ್ಟ ತಿರುಪು ಇರುತ್ತದೆ, ಅದು ಕಚ್ಚಾ ನೀರನ್ನು ಒಂದಿಷ್ಟು ಬೆರೆಸುತ್ತದೆ. ಮುಂದೆ ಖನಿಜದ ಕಾರ್ಟ್ರಿಜ್ ಕೂಡ ಇರಬಹುದು. ಮುಚ್ಚಳ ತೆಗೆದು ಪೊರೆಯಿಂದ ಹೊರಬರುವ ತೆಳು ಕೊಳವೆಯನ್ನು ಹುಡುಕಿ, ತಿರುಪಿಗೆ ಸೇರುವ ಮೊದಲೇ ಅಲ್ಲೊಂದು ಟಿ ಆಕಾರದ ಕವಲು ಜೋಡಿಸಿ. ಆ ನೀರನ್ನು ಡಿಐ ರೆಸಿನ್ ತುಂಬಿದ ಕಾರ್ಟ್ರಿಜ್ ಮೂಲಕ ಹಾಯಿಸಿ. ಮೀಟರ್ ಸೊನ್ನೆ ತೋರಿಸಬೇಕು. ಸೊನ್ನೆಯೇ, 5 ಅಲ್ಲ. ಬಣ್ಣ ಬದಲಿಸುವ ರೆಸಿನ್ ತೆಗೆದುಕೊಂಡರೆ ಯಾವಾಗ ಸೋತಿತು ಎಂದು ಕಣ್ಣಿಗೇ ಕಾಣುತ್ತದೆ. ಪ್ರತ್ಯೇಕ ಘಟಕಕ್ಕೆ ಹೋಗಬೇಕಾಗಿದ್ದ ಆರೇಳು ಸಾವಿರದಲ್ಲಿ ಬಹುಪಾಲು ಉಳಿಯಿತು.

ಉಳಿದದ್ದನ್ನು ದೀಪಕ್ಕೆ ಹಾಕಿ. ಗಾಜು, ಸ್ಟ್ಯಾಂಡ್ ಸೇರಿ 8,000. ನೀಲಿ ಬಣ್ಣ ಪ್ರಧಾನವಾದ ರೀಫ್ ದೀಪ 10,000. ನಿಮ್ಮ ಗಿಡದ ದೀಪ ಇಲ್ಲಿ ನಡೆಯದು. ಪಂಪ್, ವೇವ್‌ಮೇಕರ್, ಹೀಟರ್, ಫ್ಯಾನ್ 6,000. ರಿಫ್ರಾಕ್ಟೋಮೀಟರ್ ಮತ್ತು ಕಿಟ್‌ಗಳು 5,000. ಕಲ್ಲು ಮತ್ತು ಮೊದಲ ಉಪ್ಪು 5,000. ಡಿಐ 1,500. ಅಂದಾಜು ಲೆಕ್ಕ, ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆ ಆಗುತ್ತದೆ. ಜೀವಿಗಳಿಗೆ ಉಳಿಯುವುದು ನಾಲ್ಕೈದು ಸಾವಿರ, ಅದು ಸಾಕು. ಅವನ್ನು ತರುವ ಹೊತ್ತಿಗೆ ಹೇಗೂ ಒಂದೆರಡು ತಿಂಗಳಾಗಿರುತ್ತದೆ, ಮನೆಯವರ ಮನಸ್ಸೂ ಸ್ವಲ್ಪ ಕರಗಿರುತ್ತದೆ.

ಕೆರೆಯಂಚು:
ನೊರೆಯೆಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಎಲ್ಲಿ? ಅದಿಲ್ಲದೆ ಉಪ್ಪುನೀರೇ ಇಲ್ಲ ಎಂದು ಎಲ್ಲರೂ ಹೇಳುತ್ತಾರಲ್ಲ.

ಉಪ್ಪುನೀರು:
60 ಲೀಟರಿಗೆ ಬೇಡ. ವಾರಕ್ಕೆ 6 ಲೀಟರ್ ನೀರು ಬದಲಿಸುವುದೇ ಸ್ಕಿಮ್ಮರ್. ಅಗ್ಗದ ಪುಟ್ಟ ಸ್ಕಿಮ್ಮರ್‌ಗಳು ಸದ್ದು ಮಾಡುತ್ತವೆ, ಕೆಲಸ ಮಾಡುವುದಿಲ್ಲ.

ವೈರಿಂಗ್_ವಿಠಲ:
ಮೀನಿನ ವಿಷಯದಲ್ಲಿ ನಾನು ಹೊಸಬ, ವಿದ್ಯುತ್ ನನ್ನ ಕಸುಬು. ರೀಫ್ ಟ್ಯಾಂಕ್ ಇರುವ ಮನೆಗಳಲ್ಲಿ ಸಾಕೆಟ್ ಬಿಚ್ಚಿದರೆ ತಾಮ್ರದ ಮೇಲೆ ಹಸಿರು ಕಿಲುಬು, ಅದರ ಮೇಲೆ ಬಿಳಿ ಉಪ್ಪಿನ ಪದರ. ಹನಿ ಸಿಡಿಯುತ್ತದೆ, ನೀರು ಒಣಗುತ್ತದೆ, ಉಪ್ಪು ವೈರಿನ ಮೇಲೆ ತೆವಳುತ್ತ ಹೋಗುತ್ತದೆ. ಎಕ್ಸ್‌ಟೆನ್ಷನ್ ಬೋರ್ಡನ್ನು ಟ್ಯಾಂಕಿನ ಕೆಳಗಿಡಬೇಡಿ. ಪಕ್ಕದ ಗೋಡೆಗೆ, ಎತ್ತರದಲ್ಲಿ ಜಡಿಯಿರಿ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಇಳಿದು ಮೇಲೇರಬೇಕು, ಆಗ ಹನಿ ಆ ತಗ್ಗಿನಲ್ಲೇ ಉದುರುತ್ತದೆ. ಮನೆಯಲ್ಲಿ, ವಿದ್ಯುತ್ ಸೋರಿದರೆ ಕರೆಂಟ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ನೋಡಿ, ಅದರ ಪರೀಕ್ಷಾ ಗುಂಡಿ ಒತ್ತಿದರೆ ಬೀಳುತ್ತದೆಯೇ ಅದನ್ನೂ ನೋಡಿ. ಕರೆಂಟ್ ಹೋದಾಗ ದೀಪ ಆರಿದರೆ ಚಿಂತೆಯಿಲ್ಲ, ನೀರಿನ ಚಲನೆ ನಿಲ್ಲಬಾರದು. ವೇವ್‌ಮೇಕರ್ ಒಂದನ್ನು ಮಾತ್ರ ಇನ್ವರ್ಟರ್ ಲೈನಿಗೆ ಕೊಡಿ, ಐದಾರು ವಾಟ್‌ಗೆ ರಾತ್ರಿಯಿಡೀ ಓಡುತ್ತದೆ.

ಯಲಹಂಕದ_ಮೀನು:
ಆರ್‌ಒ ಬಿಚ್ಚಿ ಟಿ ಹಾಕಿಸಿದೆ. ಪೊರೆಯಿಂದ ನೇರವಾಗಿ ಬರುವ ನೀರು 38. ನಮ್ಮ ಮನೆಯಾಕೆಗೆ ಈಗ ಬೇರೆಯೇ ಅನುಮಾನ, ಇಷ್ಟು ದಿನ ನಾವು ಕುಡಿದದ್ದು ಯಾವ ನೀರು ಎಂದು. ಡಿಐ ಕಾರ್ಟ್ರಿಜ್ ಬಂದ ಮೇಲೆ ಅಂಕಿ ಹಾಕುತ್ತೇನೆ. ಮೀನು, ಹವಳ ಯಾವ ಕ್ರಮದಲ್ಲಿ?

ನೀಲಿಪಾಚಿ:
ತ್ಯಾಜ್ಯದ ವಿಷವನ್ನು ಬ್ಯಾಕ್ಟೀರಿಯಾ ಹಂತಹಂತವಾಗಿ ಬದಲಿಸುವ ಸೈಕಲ್ ನಿಮಗೆ ಗೊತ್ತೇ ಇದೆ; ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಎಂಬ ಕ್ರಮ ಇಲ್ಲಿಯೂ ಅದೇ. ಆದರೆ ಒಣ ಕಲ್ಲಿನಲ್ಲಿ ನಿಧಾನ, ಮೂರರಿಂದ ಆರು ವಾರ. ಮೀನು ಹಾಕಿ ಸೈಕಲ್ ಮಾಡಬೇಡಿ. ಅದಾದ ಮೇಲೆ ಗಾಜಿನ ಮೇಲೆ ಕಂದು ಡಯಾಟಮ್ ಪಾಚಿ, ಆಮೇಲೆ ಹಸಿರು ಎಳೆ ಪಾಚಿ ಬರುತ್ತದೆ. ಟ್ಯಾಂಕ್ ಕೊಳಕಾಗಿ ಕಾಣುವ ಈ ಹಂತದಲ್ಲೇ ಎಷ್ಟೋ ಜನ ಎಲ್ಲವನ್ನೂ ಮಾರಿಬಿಡುತ್ತಾರೆ. ಪಾಚಿ ಮೇಯುವ ನಾಲ್ಕಾರು ಟ್ರೋಕಸ್ ಬಸವನಹುಳುಗಳನ್ನು ಬಿಟ್ಟು ಕಾಯಿರಿ. ಸಿಹಿನೀರಿನ ಮೀನಿಗೆ ಬಳಸಿದ ತಾಮ್ರದ ಔಷಧಿಯ ಬಕೆಟ್ಟು, ಬಲೆ ಯಾವುದನ್ನೂ ಇಲ್ಲಿಗೆ ತರಬೇಡಿ, ಬಸವನಹುಳು ಸಾಯುತ್ತವೆ.

ಕ್ಲೌನ್ ಮೀನು ಕೇಳುವಾಗ ಹ್ಯಾಚರಿಯಲ್ಲಿ ಹುಟ್ಟಿದ್ದೇ ಬೇಕು ಎಂದು ಕೇಳಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕೇರಳದ ವಿಳಿಂಜಂ ಕೇಂದ್ರದಲ್ಲಿ ಇವನ್ನು ಮರಿ ಮಾಡಿಸುವ ತಂತ್ರವನ್ನು ಬೆಳೆಸಿದೆ. ಹ್ಯಾಚರಿಯ ಮರಿ ಒಣ ಆಹಾರ ತಿನ್ನುತ್ತದೆ, ಟ್ಯಾಂಕಿಗೆ ಹೊಂದಿಕೊಂಡಿರುತ್ತದೆ. ಒಂದು ದೊಡ್ಡದು, ಒಂದು ಚಿಕ್ಕದು ತನ್ನಿ. ಇವು ಹುಟ್ಟುವಾಗ ಗಂಡಾಗಿದ್ದು ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಹಾಗಾಗಿ ಜೋಡಿ ಹುಡುಕುವ ಕಷ್ಟವಿಲ್ಲ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕುತ್ತವೆ. ಮಗನಿಗೆ ಇದನ್ನು ಈಗಲೇ ಹೇಳಿಡಿ. ನೀಲಿ ಟ್ಯಾಂಗ್‌ಗೆ ಬದಲಾಗಿ ಅವನಿಗೆ ಪಿಸ್ತೂಲ್ ಸೀಗಡಿ ಮತ್ತು ವಾಚ್‌ಮನ್ ಗೋಬಿಯ ಜೋಡಿ ಕೊಡಿಸಿ. ಸೀಗಡಿಗೆ ಕಣ್ಣು ಮಂದ. ಅದು ಬಿಲ ತೋಡುತ್ತದೆ, ಮೀನು ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಹೊರಗೆ ಬಂದಾಗಲೆಲ್ಲ ಸೀಗಡಿಯ ಒಂದು ಮೀಸೆ ಮೀನಿನ ಮೈಗೆ ತಾಗಿಯೇ ಇರುತ್ತದೆ. ಅಪಾಯ ಕಂಡರೆ ಮೀನು ಬಾಲ ಅಲುಗಿಸುತ್ತದೆ, ಎರಡೂ ಒಳಗೆ. ಇದಕ್ಕೆ ಅಡಿಯಲ್ಲಿ ಮೂರು ಸೆಂ.ಮೀ. ಮರಳು ಬೇಕಾಗುತ್ತದೆ.

ಹವಳ ಕೊನೆಗೆ. ಜೋಅಂತಿಡ್ ಮುಟ್ಟುವಾಗ ಕೈಗವಸು ಕಡ್ಡಾಯ; ಕೆಲವು ಬಗೆಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಅವು ಹತ್ತಿರುವ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದು, ಒಣ ಬ್ರಷ್‌ನಿಂದ ಉಜ್ಜುವುದು ಎಂದಿಗೂ ಬೇಡ. ಆವಿ ಉಸಿರಾಡಿ ಮನೆಯವರೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ.

ಕೆರೆಯಂಚು:
ಪಿಸ್ತೂಲ್ ಸೀಗಡಿಯ ವಿಷಯ ಓದಿ ನನಗೇ ಆಸೆಯಾಗುತ್ತಿದೆ. ಇದು ಸರಿಯಲ್ಲ.

ಪಣಂಬೂರು_ತೀರ:
ಬನ್ನಿ, ನೀರು ನಾನು ಕೊಡುತ್ತೇನೆ. ಮಳೆಗಾಲ ಬಿಟ್ಟು.

ಯಲಹಂಕದ_ಮೀನು:
ಡಿಐ ನಂತರ ಸೊನ್ನೆ. ಗಾಜಿನ ಅಳತೆ ಕೊಡಲು ನಾಳೆ ಹೋಗುತ್ತಿದ್ದೇನೆ. ಹಿಂದಿನ ಫಿಲ್ಟರ್ ಕೋಣೆಗೆ ಎಷ್ಟು ಅಗಲ ಬಿಡಲಿ? ಗಾಜು ಎಷ್ಟು ದಪ್ಪ? ರಿಫ್ರಾಕ್ಟೋಮೀಟರನ್ನು ದುಬೈಯಿಂದಲೇ ತರಿಸುತ್ತೇನೆ, ಅಲ್ಲಿಯ ಅಣ್ಣನಿಗೆ ಮೊದಲೇ ಧನ್ಯವಾದ.

ಉಪ್ಪುನೀರು:
ಗಾಜು 8 ಮಿ.ಮೀ. ಹಾಕಿಸಿ, 6 ಸಾಕು ಎಂದು ಅವರು ಹೇಳುತ್ತಾರೆ, ಸಾಲಬಹುದು ಕೂಡ, ಆದರೆ ವ್ಯತ್ಯಾಸದ ಹಣ ದೊಡ್ಡದಲ್ಲ. ಹಿಂದಿನ ಕೋಣೆ 10 ಸೆಂ.ಮೀ.ಗಿಂತ ಕಡಿಮೆ ಬೇಡ. ನಿಮ್ಮ ಅಂಗೈ ಒಳಗೆ ಇಳಿಯಬೇಕು, ಇಲ್ಲವಾದರೆ ಪಂಪ್ ತೊಳೆಯುವ ದಿನ ಇಡೀ ಟ್ಯಾಂಕ್ ಬರಿದು ಮಾಡಬೇಕಾಗುತ್ತದೆ. ಪಂಪಿನ ಕೋಣೆಯನ್ನು ಕೊನೆಯಲ್ಲಿಡಿ; ಆವಿಯಾದಾಗ ಮಟ್ಟ ಇಳಿಯುವುದು ಅಲ್ಲಿಯೇ, ಕೊರತೆಯ ನೀರನ್ನು ತಾನೇ ತುಂಬುವ ಆಟೋ ಟಾಪ್-ಅಪ್ ಸೆನ್ಸರ್ ಕೂರಿಸುವುದೂ ಅಲ್ಲಿಯೇ. ರಿಫ್ರಾಕ್ಟೋಮೀಟರ್ ಜೊತೆ 35 ಪಿಪಿಟಿ ದ್ರಾವಣದ ಬಾಟಲಿಯನ್ನೂ ತರಿಸಿಕೊಳ್ಳಿ, ಬರೀ ಶುದ್ಧ ನೀರಿನಲ್ಲಿ ಸೊನ್ನೆ ಹೊಂದಿಸಿದರೆ ಮೇಲಿನ ಅಂಕಿ ತಪ್ಪುತ್ತದೆ. ತುಂಬಿದ ಮೇಲೆ ಎಲ್ಲ ಸೇರಿ ನೂರು ಕಿಲೋ ಹತ್ತಿರ ಬರುತ್ತದೆ, ಸ್ಟ್ಯಾಂಡನ್ನು ರಸಮಟ್ಟ ಇಟ್ಟು ನೋಡಿ, ಉದ್ದಕ್ಕೂ ಅಡ್ಡಕ್ಕೂ. ಮೊದಲು ಸಿಹಿನೀರು ತುಂಬಿಸಿ ಒಂದು ದಿನ ಸೋರಿಕೆ ಪರೀಕ್ಷೆ, ಆಮೇಲೆ ಉಪ್ಪು. ಅಮೋನಿಯಾ ಅಂಕಿಗಳನ್ನು ಇಲ್ಲಿಯೇ ಹಾಕುತ್ತಿರಿ.